ಯೆಸ್ ಬ್ಯಾಂಡಿಗೆ ಹಲವು ಬಾಗಿಲು: ಹೊಸ ಕೇಳುಗರಿಗೆ ದಾರಿ ಹೇಳುವ ಬರಹ

ಎಲ್ಲೋ ಒಂದು ಹಾಡು ಕಿವಿಗೆ ಬೀಳುತ್ತದೆ, ಹಿಡಿಸುತ್ತದೆ. ಆಸೆಯಿಂದ ಅದೇ ಬ್ಯಾಂಡಿನ ಇನ್ನೊಂದು ಆಲ್ಬಮ್ ಹಾಕಿದರೆ ಇದು ಬೇರೆ ಯಾರದ್ದೋ ಇರಬೇಕು ಅನ್ನಿಸುತ್ತದೆ. ಹತ್ತು ನಿಮಿಷ ತಾಳಿಕೊಂಡು ನಿಲ್ಲಿಸಿಬಿಡುತ್ತೀರಿ. ಇಂಗ್ಲೆಂಡಿನ ಪ್ರೋಗ್ರೆಸಿವ್ ರಾಕ್ (ಉದ್ದದ, ಹಲವು ಭಾಗಗಳ ರಚನೆಗಳಿಗೆ ಹೆಸರಾದ ರಾಕ್ ಬಗೆ) ಬ್ಯಾಂಡ್ ‘ಯೆಸ್’ ವಿಷಯದಲ್ಲಿ ಇದು ಆಗಾಗ ನಡೆಯುವ ಸಂಗತಿ. ಸಂಗೀತ ಕಷ್ಟ, ನಮಗಲ್ಲ ಎಂದು ಕೈಬಿಟ್ಟವರಲ್ಲಿ ಬಹುಪಾಲು ಜನ ಎಡವಿರುವುದು ಸಂಗೀತದಲ್ಲಲ್ಲ, ಎರಡನೇ ಆಲ್ಬಮಿನ ಆಯ್ಕೆಯಲ್ಲಿ.

1968ರಲ್ಲಿ ಲಂಡನ್ನಿನಲ್ಲಿ ಗಾಯಕ ಜಾನ್ ಆ್ಯಂಡರ್ಸನ್ ಮತ್ತು ಬೇಸ್ ಗಿಟಾರಿನ ಕ್ರಿಸ್ ಸ್ಕ್ವೈರ್ ಸೇರಿ ಕಟ್ಟಿದ ಬ್ಯಾಂಡ್ ಇದು. ಅಲ್ಲಿಂದ ಇಪ್ಪತ್ತಕ್ಕೂ ಹೆಚ್ಚು ಸ್ಟುಡಿಯೊ ಆಲ್ಬಮ್‌ಗಳು ಬಂದಿವೆ. ಗಾಯಕರು, ಕೀಬೋರ್ಡಿನವರು, ಡ್ರಮ್ಸಿನವರು, ಗಿಟಾರಿನವರು ಎಲ್ಲರೂ ಬದಲಾಗಿದ್ದಾರೆ. 1972ರ ಯೆಸ್ ಮತ್ತು 1983ರ ಯೆಸ್ ಒಂದೇ ಬೋರ್ಡಿನ ಕೆಳಗೆ ನಡೆದ ಎರಡು ಬೇರೆ ಅಂಗಡಿಗಳು ಎನ್ನಬಹುದು. ಹಾಗಾಗಿ ಎಲ್ಲರಿಗೂ ಒಪ್ಪುವ ‘ಮೊದಲು ಇದನ್ನು ಕೇಳಿ’ ಎಂಬ ಒಂದೇ ಪಟ್ಟಿ ಇಲ್ಲ. ನೀವು ಯಾವ ಬಾಗಿಲಿಂದ ಬಂದಿದ್ದೀರಿ ಎನ್ನುವುದನ್ನು ನೋಡಿಕೊಂಡು ಮುಂದಿನ ಹೆಜ್ಜೆ ಇಡಬೇಕು.

ಮೊದಲ ಕೆಲಸ: ಸರಿಯಾದ ಹಾಡನ್ನು ಹುಡುಕುವುದು

ನಗು ಬರಬಹುದು, ಆದರೆ ಈ ಬ್ಯಾಂಡಿನ ಮೊದಲ ತೊಡಕು ಅದರ ಹೆಸರೇ. ಆ್ಯಪ್‌ನಲ್ಲಿ ಬರಿದೆ ‘ಯೆಸ್’ ಎಂದು ಹಾಕಿದರೆ ಸಾವಿರ ಹಾಡು ಬರುತ್ತವೆ. ಬ್ಯಾಂಡಿನ ಹೆಸರಿನ ಜೊತೆಗೆ ಆಲ್ಬಮಿನ ಹೆಸರನ್ನೂ ಸೇರಿಸಿ ಹುಡುಕಿ: ‘ಯೆಸ್ ಫ್ರ್ಯಾಜೈಲ್’, ‘ಯೆಸ್ ಕ್ಲೋಸ್ ಟು ದಿ ಎಡ್ಜ್’. ಇನ್ನೊಂದು ಗೊಂದಲವೂ ಇದೆ. ‘ದಿ ಯೆಸ್ ಆಲ್ಬಮ್’ ಎನ್ನುವುದು ಅವರ ಮೊದಲ ಆಲ್ಬಮ್ ಅಲ್ಲ, ಮೂರನೆಯದು, 1971ರದ್ದು. ಮೊದಲನೆಯದರ ಹೆಸರು ಬರೀ ‘ಯೆಸ್’, 1969ರದ್ದು. ‘ಮೊದಲಿಂದ ಶುರು ಮಾಡೋಣ’ ಎಂದು ಈ 1969ರದ್ದನ್ನು ಹಿಡಿಯಬೇಡಿ. ಗಿಟಾರಿನ ಸ್ಟೀವ್ ಹೌ ಬಂದದ್ದು 1970ರಲ್ಲಿ, ಕೀಬೋರ್ಡಿನ ರಿಕ್ ವೇಕ್‌ಮನ್ ಬಂದದ್ದು 1971ರಲ್ಲಿ. ಜನ ಯೆಸ್ ಎಂದು ನೆನಪಿಟ್ಟುಕೊಂಡಿರುವ ಧ್ವನಿ ಅವರಿಬ್ಬರ ನಂತರದ್ದು.

ಸಿಕ್ಕಿದ ಹಾಡಿನ ಉದ್ದವನ್ನು ನೋಡದೆ ಪ್ಲೇ ಒತ್ತಬೇಡಿ. ‘ರೌಂಡಬೌಟ್’ ಹಾಡು ಆಲ್ಬಮಿನಲ್ಲಿ ಸುಮಾರು ಎಂಟೂವರೆ ನಿಮಿಷ. ರೇಡಿಯೊಗೆಂದು ಕತ್ತರಿಸಿದ ಸಿಂಗಲ್ ಮೂರೂವರೆ ನಿಮಿಷ. ‘ಅತ್ಯುತ್ತಮ ಹಾಡುಗಳು’ ಎಂಬ ಸಂಗ್ರಹಗಳಲ್ಲಿ ಕೆಲವೊಮ್ಮೆ ಈ ಮೊಟಕು ರೂಪವೇ ಕೂತಿರುತ್ತದೆ. ಕಛೇರಿಯ (ಲೈವ್) ಧ್ವನಿಮುದ್ರಣವೋ ಸ್ಟುಡಿಯೊದ್ದೋ ಎಂಬುದನ್ನೂ ನೋಡಿ. ಮೊದಲ ಸಲಕ್ಕೆ ಸ್ಟುಡಿಯೊದ್ದೇ ಇರಲಿ. ಕಛೇರಿಯಲ್ಲಿ ಅವರು ಏನನ್ನು ಬದಲಿಸಿದರು ಎಂದು ತಿಳಿಯಬೇಕಾದರೆ ಮೂಲ ಗೊತ್ತಿರಬೇಕಲ್ಲ.

ಫೋನಿನಲ್ಲಿ ಸರಿಮಾಡಿಕೊಳ್ಳಬೇಕಾದದ್ದು

ಐದು ನಿಮಿಷದ ಕೆಲಸ. ಇದನ್ನು ಬಿಟ್ಟರೆ ಮುಂದಿನದೆಲ್ಲ ಅರ್ಧಕ್ಕರ್ಧ ವ್ಯರ್ಥ.

ಶಫಲ್ ಆಫ್ ಮಾಡಿ. ಹಾಡಿನಿಂದ ಹಾಡಿಗೆ ಧ್ವನಿ ಬೆರೆಸುವ ಕ್ರಾಸ್‌ಫೇಡ್ ಸೊನ್ನೆಗೆ ಇಳಿಸಿ. ನಡುವೆ ಖಾಲಿ ಬಿಡದೆ ನುಡಿಸುವ ಗ್ಯಾಪ್‌ಲೆಸ್ ಆಯ್ಕೆ ಇದ್ದರೆ ಆನ್ ಮಾಡಿ. ಯಾಕೆಂದರೆ ‘ಫ್ರ್ಯಾಜೈಲ್’ ಆಲ್ಬಮಿನಲ್ಲಿ ‘ವಿ ಹ್ಯಾವ್ ಹೆವನ್’ ಮುಗಿಯುವಾಗ ಬಾಗಿಲು ಧಡಾರೆಂದು ಮುಚ್ಚಿಕೊಂಡು ಯಾರೋ ಓಡುವ ಹೆಜ್ಜೆ ಸದ್ದು ಕೇಳುತ್ತದೆ, ಅದು ಮುಂದಿನ ಹಾಡಿನ ಗಾಳಿಯ ಸದ್ದಿಗೆ ಸೇರಿಕೊಳ್ಳುತ್ತದೆ. ‘ಲಾಂಗ್ ಡಿಸ್ಟೆನ್ಸ್ ರನ್‌ಅರೌಂಡ್’ ಉಸಿರು ಬಿಡದೆ ‘ದಿ ಫಿಶ್’ಗೆ ಹರಿಯುತ್ತದೆ. ನಡುವೆ ಅರ್ಧ ಸೆಕೆಂಡ್ ಮೌನ ನುಸುಳಿದರೂ ಆ ಜೋಡಣೆ ಮುರಿಯಿತು.

ಎಲ್ಲ ಹಾಡುಗಳ ಧ್ವನಿಮಟ್ಟವನ್ನು ಒಂದೇ ಸಮಕ್ಕೆ ತರುವ ಆಯ್ಕೆಯನ್ನೂ ಆಫ್ ಮಾಡಿ. ಅದು ಕೆಲವು ಆ್ಯಪ್‌ಗಳಲ್ಲಿ ತಾನಾಗಿಯೇ ಆನ್ ಇರುತ್ತದೆ. ಈ ಸಂಗೀತದಲ್ಲಿ ಪಿಸುಮಾತು ಪಿಸುಮಾತಾಗಿ, ಆರ್ಭಟ ಆರ್ಭಟವಾಗಿ ಇರಬೇಕು.

ವಾಲ್ಯೂಮ್ ಇಡುವುದಕ್ಕೂ ಒಂದು ಕ್ರಮ ಇದೆ. ‘ಕ್ಲೋಸ್ ಟು ದಿ ಎಡ್ಜ್’ ಹಾಡು ನೀರಿನ ಮತ್ತು ಹಕ್ಕಿಗಳ ಸದ್ದಿನಿಂದ ಮೆಲ್ಲಗೆ ಶುರುವಾಗುತ್ತದೆ. ಕೇಳಿಸಲಿಲ್ಲವೆಂದು ನೀವು ವಾಲ್ಯೂಮ್ ಏರಿಸುತ್ತೀರಿ, ಸುಮಾರು ಒಂದು ನಿಮಿಷಕ್ಕೆ ಇಡೀ ಬ್ಯಾಂಡ್ ಒಟ್ಟಿಗೆ ಮೇಲೆ ಬೀಳುತ್ತದೆ, ನೀವು ಇಯರ್‌ಫೋನ್ ಕಿತ್ತೆಸೆಯುತ್ತೀರಿ. ಮೊದಲು ಎರಡನೇ ನಿಮಿಷಕ್ಕೆ ಹೋಗಿ, ಅಲ್ಲಿ ಕಿವಿಗೆ ಹಿತವಾಗುವಷ್ಟು ವಾಲ್ಯೂಮ್ ಇಟ್ಟು, ಮತ್ತೆ ಆರಂಭಕ್ಕೆ ಬನ್ನಿ. ಹಕ್ಕಿ ಸದ್ದು ಸಣ್ಣಗೆ ಕೇಳಿದರೆ ಕೇಳಲಿ. ಅದು ಇರಬೇಕಾದದ್ದೇ ಹಾಗೆ.

ಬಸ್ಸಿನಲ್ಲಿ ಒಂದೇ ಕಿವಿಗೆ ಇಯರ್‌ಬಡ್ ಸಿಕ್ಕಿಸಿಕೊಂಡು ಕೇಳುವುದು ಇಲ್ಲಿ ನಡೆಯದು. ಒಂದು ವಾದ್ಯ ಎಡಕ್ಕೆ, ಇನ್ನೊಂದು ಬಲಕ್ಕೆ ಇರುವ ಕಡೆಗಳಲ್ಲಿ ಸಂಭಾಷಣೆಯ ಅರ್ಧ ಭಾಗ ನಿಮಗೆ ತಲುಪುವುದೇ ಇಲ್ಲ. ದುಬಾರಿ ಹೆಡ್‌ಫೋನ್ ಬೇಡ, ಎರಡೂ ಕಿವಿಗೆ ಸರಿಯಾಗಿ ಕೂರುವ ಸಾಧಾರಣ ತಂತಿಯ ಇಯರ್‌ಫೋನ್ ಸಾಕು. ಫೋನಿನ ಸ್ಪೀಕರ್ ಮಾತ್ರ ಖಂಡಿತ ಬೇಡ. ಸ್ಕ್ವೈರ್ ಅವರ ರಿಕೆನ್‌ಬ್ಯಾಕರ್ ಬೇಸ್ ಗಿಟಾರ್ ಈ ಬ್ಯಾಂಡಿನ ಬೆನ್ನುಮೂಳೆ, ಸಣ್ಣ ಸ್ಪೀಕರಿನಲ್ಲಿ ಅದರ ಟಿಕಟಿಕ ಮಾತ್ರ ಉಳಿದು ಗುಂಗು ಮಾಯವಾಗುತ್ತದೆ.

ಒಂದನೇ ಬಾಗಿಲು: ‘ರೌಂಡಬೌಟ್’

ಇಂದು ಇಪ್ಪತ್ತರ ಆಸುಪಾಸಿನವರಲ್ಲಿ ಹೆಚ್ಚಿನವರು ಬರುವುದು ಇಲ್ಲಿಂದ. 2012ರಲ್ಲಿ ಶುರುವಾದ ‘ಜೋಜೋಸ್ ಬಿಜಾರ್ ಅಡ್ವೆಂಚರ್’ ಎಂಬ ಜಪಾನಿ ಅನಿಮೆಯ ಕೊನೆಯಲ್ಲಿ ಬರುತ್ತಿದ್ದ ಹಾಡು ಇದೇ. ದೃಶ್ಯ ನಡೆಯುತ್ತಿರುವಾಗಲೇ ಗಿಟಾರ್ ಶುರುವಾಗಿ, ಬೇಸ್ ಹೊಡೆದ ಕೂಡಲೇ ಚಿತ್ರ ನಿಂತು, ‘ಮುಂದುವರಿಯುವುದು’ ಎಂಬ ಬಾಣ ಬರುವ ಆ ಮೀಮ್ ನೋಡದವರು ಕಡಿಮೆ. 1971ರ ಹಾಡೊಂದಕ್ಕೆ ನಲವತ್ತು ವರ್ಷದ ನಂತರ ಇಂಥ ಬಾಗಿಲು ತೆರೆದದ್ದು ವಿಚಿತ್ರ. ಆದರೆ ಬಾಗಿಲು ಒಳ್ಳೆಯದೇ.

ಮೀಮ್‌ನಲ್ಲಿ ಕೇಳುವುದು ಮೊದಲ ಕೆಲವು ಸೆಕೆಂಡ್ ಮಾತ್ರ. ಈಗ ಪೂರ್ತಿ ಎಂಟೂವರೆ ನಿಮಿಷ ಕೇಳಿ, ಈ ನಾಲ್ಕು ಕಡೆ ಕಿವಿ ಇಡಿ. ಆರಂಭದಲ್ಲಿ ಅಲೆಯಂತೆ ಉಬ್ಬಿ ಬರುವ ಸದ್ದು ಪಿಯಾನೊದ್ದು, ಟೇಪನ್ನು ಹಿಮ್ಮುಖವಾಗಿ ಓಡಿಸಿ ಮಾಡಿದ್ದು. ಅದು ನಿಂತ ಕಡೆ ತಂತಿಯನ್ನು ಒತ್ತದೆ ಬರಿದೆ ಮುಟ್ಟಿ ಹೊಡೆದ ಗಿಟಾರಿನ ಗಂಟೆಯಂಥ ಸ್ವರ. ಸುಮಾರು ಐದನೇ ನಿಮಿಷಕ್ಕೆ ಎಲ್ಲ ತಣ್ಣಗಾಗಿ ಅದೇ ಗಿಟಾರ್ ತುಣುಕು ಮರಳಿ ಬರುತ್ತದೆ. ಇಲ್ಲಿಗೆ ಮುಗಿಯಿತು ಎಂದುಕೊಂಡು ಹಲವರು ಮುಂದಕ್ಕೆ ಹೋಗಿಬಿಡುತ್ತಾರೆ, ಆದರೆ ಇದರ ಬೆನ್ನಿಗೇ ಆರ್ಗನ್ ಮತ್ತು ಗಿಟಾರಿನ ಸರದಿ ನುಡಿಸಾಣಿಕೆ ಇದೆ, ಇಡೀ ಹಾಡಿನ ಬಿಸಿ ಭಾಗ ಅದೇ. ಕೊನೆಯಲ್ಲಿ ವಾದ್ಯಗಳೆಲ್ಲ ಹಿಂದೆ ಸರಿದು ಕಂಠಗಳು ಮಾತ್ರ ಒಂದರ ಮೇಲೊಂದು ಏರುತ್ತವೆ, ಮತ್ತೆ ಗಿಟಾರಿನಲ್ಲಿ ಮುಕ್ತಾಯ.

ಇದು ಹಿಡಿಸಿತೆಂದರೆ ಮುಂದಿನ ಹೆಜ್ಜೆ ಸರಳ: ಅದೇ ‘ಫ್ರ್ಯಾಜೈಲ್’ ಆಲ್ಬಮ್, ಮೊದಲಿನಿಂದ ಕೊನೆಗೆ. ಒಂಬತ್ತು ತುಣುಕುಗಳಿವೆ. ಅದರಲ್ಲಿ ನಾಲ್ಕು ಮಾತ್ರ ಇಡೀ ಬ್ಯಾಂಡಿನವು: ‘ರೌಂಡಬೌಟ್’, ‘ಸೌತ್ ಸೈಡ್ ಆಫ್ ದಿ ಸ್ಕೈ’, ‘ಲಾಂಗ್ ಡಿಸ್ಟೆನ್ಸ್ ರನ್‌ಅರೌಂಡ್’, ‘ಹಾರ್ಟ್ ಆಫ್ ದಿ ಸನ್‌ರೈಸ್’. ಉಳಿದ ಐದು ಒಬ್ಬೊಬ್ಬ ಸದಸ್ಯನ ಪಾಲು. ವೇಕ್‌ಮನ್ ಬ್ರಾಮ್ಸ್‌ನ ನಾಲ್ಕನೇ ಸಿಂಫನಿಯ ಒಂದು ಭಾಗವನ್ನು ಕೀಬೋರ್ಡುಗಳಲ್ಲಿ ನುಡಿಸಿದ್ದಾರೆ, ಡ್ರಮ್ಸಿನ ಬಿಲ್ ಬ್ರೂಫೋರ್ಡ್ ಅರ್ಧ ನಿಮಿಷದಲ್ಲಿ ಮುಗಿಸಿದ್ದಾರೆ, ಹೌ ಒಬ್ಬರೇ ಗಿಟಾರ್ ಹಿಡಿದಿದ್ದಾರೆ. ಇದು ಗೊತ್ತಿಲ್ಲದೆ ಕೇಳಿದರೆ ಆಲ್ಬಮ್ ಚೂರುಚೂರಾಗಿ ಕಾಣುತ್ತದೆ. ಗೊತ್ತಿದ್ದು ಕೇಳಿದರೆ ಅದೇ ಉಪಕಾರಕ್ಕೆ ಬರುತ್ತದೆ: ಯಾವ ಧ್ವನಿ ಯಾರದ್ದು ಎಂದು ಬಿಡಿಬಿಡಿಯಾಗಿ ತೋರಿಸಿಕೊಡುವ ಪರಿಚಯ ಪತ್ರ ಇದು. ಮೊದಲ ವಾರ ಬ್ಯಾಂಡಿನ ನಾಲ್ಕು ಹಾಡು ಮಾತ್ರ ಕೇಳಿ, ಎರಡನೇ ವಾರ ಪೂರ್ತಿ ಆಲ್ಬಮ್.

‘ಹಾರ್ಟ್ ಆಫ್ ದಿ ಸನ್‌ರೈಸ್’ ಬಗ್ಗೆ ಒಂದು ಮಾತು. ಹಾಡು ಸುಮಾರು ಹನ್ನೊಂದು ನಿಮಿಷ, ಗಾಯನಕ್ಕೆ ಮೂರು ನಿಮಿಷಕ್ಕೂ ಹೆಚ್ಚು ಕಾಯಬೇಕು. ಅಷ್ಟು ಹೊತ್ತು ಬೇಸ್ ಗಿಟಾರ್ ಮತ್ತು ಡ್ರಮ್ಸ್ ಮಾತ್ರ ಹಿಡಿದುಕೊಂಡು ಕೇಳಿ, ಮೇಲಿನದ್ದು ತಾನಾಗಿ ಬರುತ್ತದೆ. ಕೊನೆಗೆ ಮುಚ್ಚಿದ್ದ ಆ ಬಾಗಿಲು ಮತ್ತೆ ತೆರೆದು ‘ವಿ ಹ್ಯಾವ್ ಹೆವನ್’ ಒಂದು ಗಳಿಗೆ ಇಣುಕುತ್ತದೆ. ಹಾಡು ಮುಗಿಯಿತೆಂದು ಮೊದಲೇ ನಿಲ್ಲಿಸಬೇಡಿ.

ಎರಡನೇ ಬಾಗಿಲು: ‘ಓನರ್ ಆಫ್ ಎ ಲೋನ್ಲಿ ಹಾರ್ಟ್’

ಎಂಬತ್ತರ ದಶಕದ ಪಾಪ್ ಹಾಡುಗಳ ಪಟ್ಟಿಯಿಂದ ಬರುವವರು ಈ ಕಡೆಯವರು. ಹಾಡು 1983ರ ‘90125’ ಆಲ್ಬಮಿನದ್ದು, 1984ರ ಜನವರಿಯಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಆಲ್ಬಮಿನ ಹೆಸರು ಅದರ ಕ್ಯಾಟಲಾಗ್ ಸಂಖ್ಯೆ, ಒಗಟೇನಿಲ್ಲ.

ಅತಿ ಹೆಚ್ಚು ಜನ ದಾರಿ ತಪ್ಪುವುದು ಇಲ್ಲೇ. ಈ ಹಾಡು ಮೆಚ್ಚಿದವರಿಗೆ ಹಳೆಯ ಅಭಿಮಾನಿಯೊಬ್ಬರು ‘ಅದೇನು ಮಹಾ, ಇದನ್ನು ಕೇಳಿ’ ಎಂದು ಸುಮಾರು ಹತ್ತೊಂಬತ್ತು ನಿಮಿಷದ ‘ಕ್ಲೋಸ್ ಟು ದಿ ಎಡ್ಜ್’ ಕೈಗಿಡುತ್ತಾರೆ. ಗಿಟಾರ್ ಬೇರೆ, ಡ್ರಮ್ಸ್ ಬೇರೆ, ಕೀಬೋರ್ಡ್ ಬೇರೆ, ಹಾಡು ಕಟ್ಟುವ ಬಗೆಯೇ ಬೇರೆ. ಉಳಿದಿರುವುದು ಆ್ಯಂಡರ್ಸನ್ ಅವರ ಎತ್ತರದ ಕಂಠ ಮತ್ತು ಸ್ಕ್ವೈರ್ ಬೇಸ್ ಮಾತ್ರ. ಹೀಗೆ ಮಾಡುವ ಅಭಿಮಾನಿಗಳು ಬ್ಯಾಂಡಿಗೆ ಹೊಸ ಕೇಳುಗರನ್ನು ತಂದದ್ದಕ್ಕಿಂತ ಕಳೆದದ್ದೇ ಹೆಚ್ಚಿರಬಹುದು.

ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ ಇಳಿಯಿರಿ. ಮೊದಲು ‘90125’ ಪೂರ್ತಿ. ಅದರಲ್ಲಿ ‘ಚೇಂಜಸ್’ ಹಾಡಿನ ಪೀಠಿಕೆ ಮತ್ತು ‘ಸಿನಿಮಾ’ ಎಂಬ ಎರಡು ನಿಮಿಷದ ವಾದ್ಯ ತುಣುಕನ್ನು ಗಮನಿಸಿ, ಹಳೆಯ ಯೆಸ್ ಅಲ್ಲಿ ಉಸಿರಾಡುತ್ತಿದೆ. ‘ಸಿನಿಮಾ’ಗೆ ಗ್ರ್ಯಾಮಿ ಬಂತು. ಸ್ಕ್ವೈರ್ ಅವರು ದಕ್ಷಿಣ ಆಫ್ರಿಕಾದ ಗಿಟಾರಿಸ್ಟ್ ಟ್ರೆವರ್ ರೇಬಿನ್ ಜೊತೆ ಸೇರಿ ಶುರು ಮಾಡಿದ ಬ್ಯಾಂಡಿಗೆ ಇಡಬೇಕೆಂದಿದ್ದ ಹೆಸರೂ ‘ಸಿನಿಮಾ’ವೇ. ಆ್ಯಂಡರ್ಸನ್ ಮರಳಿ ಬಂದ ಮೇಲೆ ಅದು ಯೆಸ್ ಆಯಿತು. ಎರಡನೆಯದಾಗಿ 1980ರ ‘ಡ್ರಾಮಾ’. ಇದರಲ್ಲಿ ಆ್ಯಂಡರ್ಸನ್ ಇಲ್ಲ, ವೇಕ್‌ಮನ್ ಇಲ್ಲ. ಬದಲಿಗೆ ‘ವಿಡಿಯೊ ಕಿಲ್ಡ್ ದಿ ರೇಡಿಯೊ ಸ್ಟಾರ್’ ಖ್ಯಾತಿಯ ಟ್ರೆವರ್ ಹಾರ್ನ್ ಮತ್ತು ಜೆಫ್ ಡೌನ್ಸ್ ಇದ್ದಾರೆ. ಇದೇ ಹಾರ್ನ್ ಮುಂದೆ ‘90125’ ಆಲ್ಬಮಿನ ನಿರ್ಮಾಪಕರಾದರು. ಗಿಟಾರಿನಲ್ಲಿ ಮಾತ್ರ ಸ್ಟೀವ್ ಹೌ. ಹೀಗೆ ಒಂದು ಕಾಲು ಎಪ್ಪತ್ತರಲ್ಲಿ, ಇನ್ನೊಂದು ಎಂಬತ್ತರಲ್ಲಿ ಇಟ್ಟು ನಿಂತ ಆಲ್ಬಮ್ ಇದು. ‘ಟೆಂಪಸ್ ಫ್ಯೂಜಿಟ್’ ಹಾಡಿನಿಂದ ಶುರು ಮಾಡಿ. ಮೂರನೆಯದು 1977ರ ‘ಗೋಯಿಂಗ್ ಫಾರ್ ದಿ ವನ್’. ಅದರಲ್ಲಿ ‘ವಂಡರಸ್ ಸ್ಟೋರೀಸ್’ ನಾಲ್ಕು ನಿಮಿಷದೊಳಗಿನ ಸಲೀಸಾದ ಹಾಡು, ಬ್ರಿಟನ್ನಿನ ಪಟ್ಟಿಯಲ್ಲಿ 7ನೇ ಸ್ಥಾನ ಕಂಡದ್ದು. ಅದೇ ಆಲ್ಬಮಿನ ಕೊನೆಗಿರುವ ‘ಅವೇಕನ್’ ಹದಿನೈದು ನಿಮಿಷ. ಅದರ ಪೈಪ್ ಆರ್ಗನ್ ಸ್ವಿಟ್ಜರ್ಲೆಂಡಿನ ವೆವೇ ಊರಿನ ಚರ್ಚಿನದ್ದು. ವೇಕ್‌ಮನ್ ಅಲ್ಲಿ ಕೂತು ನುಡಿಸಿದ್ದನ್ನು ಟೆಲಿಫೋನ್ ತಂತಿಯ ಮೂಲಕ ಮೊಂಟ್ರೋ ಊರಿನ ಸ್ಟುಡಿಯೊಗೆ ತಂದರು. ‘ಅವೇಕನ್’ ದಕ್ಕಿತೆಂದರೆ ಇನ್ನು ಉಳಿದ ಉದ್ದದ ಹಾಡುಗಳಿಗೆ ಹೆದರಬೇಕಿಲ್ಲ.

ಮೂರನೇ ಬಾಗಿಲು: ಹೊದಿಕೆಯ ಚಿತ್ರ

ತೇಲುವ ಬಂಡೆಗಳು, ತುದಿಯಿಂದ ಜಾರುವ ನೀರು, ಗುಳ್ಳೆಗಳಂತೆ ಒಂದಕ್ಕೊಂದು ಅಂಟಿಕೊಂಡ ಅಕ್ಷರಗಳು. ರಾಜರ್ ಡೀನ್ ಬರೆದ ಚಿತ್ರ ನೋಡಿ ಆಲ್ಬಮ್ ತೆಗೆದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಯೆಸ್‌ಗೆ ಅವರ ಮೊದಲ ಹೊದಿಕೆ ‘ಫ್ರ್ಯಾಜೈಲ್’, ಆ ಗುಳ್ಳೆ ಅಕ್ಷರಗಳು ಮೊದಲು ಬಂದದ್ದು ಅದರ ಮುಂದಿನ ‘ಕ್ಲೋಸ್ ಟು ದಿ ಎಡ್ಜ್’ ಮೇಲೆ.

ಚಿತ್ರವನ್ನು ನಂಬಿ ಹೋಗುವುದರಲ್ಲಿ ಎರಡು ತೊಂದರೆ. ಡೀನ್ ಚಿತ್ರ ಇದ್ದಲ್ಲೆಲ್ಲ ಒಂದೇ ತಂಡ ಇರುವುದಿಲ್ಲ, ‘ಡ್ರಾಮಾ’ ಹೊದಿಕೆಯೂ ಅವರದ್ದೇ. ಇನ್ನೊಂದು, ಅವರ ಚಿತ್ರ ಇಲ್ಲದ ಕಡೆಯೂ ಒಳ್ಳೆಯ ಸರಕು ಇದೆ: ‘ದಿ ಯೆಸ್ ಆಲ್ಬಮ್’ ಮತ್ತು ‘ಗೋಯಿಂಗ್ ಫಾರ್ ದಿ ವನ್’. ಚಿತ್ರದ ಮೋಹದಿಂದ ಬಂದವರಿಗೆ ಹಾಡಿನಲ್ಲಿ ಅದಕ್ಕೆ ಸಮನಾದದ್ದು ‘ಕ್ಲೋಸ್ ಟು ದಿ ಎಡ್ಜ್’ ಆಲ್ಬಮೇ. ಅದರ ಬಗ್ಗೆ ಕೆಳಗೆ ನಿಧಾನವಾಗಿ ನೋಡೋಣ.

ನಾಲ್ಕನೆಯದು: ಬೇರೆ ಬ್ಯಾಂಡಿನಿಂದ ಬಂದವರು

ಕಿಂಗ್ ಕ್ರಿಮ್ಸನ್ ಕೇಳಿ ಬ್ರೂಫೋರ್ಡ್ ಅವರ ಡ್ರಮ್ಸ್ ಮೆಚ್ಚಿ ಬಂದವರು ನೇರವಾಗಿ ‘ಹಾರ್ಟ್ ಆಫ್ ದಿ ಸನ್‌ರೈಸ್’ ಹಿಡಿಯಬಹುದು. ಜಾಜ್ ಕಡೆಯಿಂದ ಬಂದವರಿಗೆ, ಗದ್ದಲಕ್ಕೆ ಅಂಜದವರಿಗೆ 1974ರ ‘ರಿಲೇಯರ್’ ಇದೆ, ಕೀಬೋರ್ಡಿನಲ್ಲಿ ಪ್ಯಾಟ್ರಿಕ್ ಮೊರಾಜ್ ಇರುವ ಒಂದೇ ಸ್ಟುಡಿಯೊ ಆಲ್ಬಮ್. ಗಿಟಾರ್ ಹಿಡಿದ ಜಾನಪದ ಧಾಟಿ ಇಷ್ಟಪಡುವವರು ‘ದಿ ಯೆಸ್ ಆಲ್ಬಮ್’ನ ‘ಐವ್ ಸೀನ್ ಆಲ್ ಗುಡ್ ಪೀಪಲ್’ ಹಾಕಲಿ. ಏಳು ನಿಮಿಷ, ಎರಡು ಭಾಗ. ಚದುರಂಗದ ಮಾತುಗಳಿರುವ ಮೊದಲ ಭಾಗ ಮಾತ್ರ ಕೇಳಿದರೂ ನಷ್ಟವಿಲ್ಲ. ಸಮಯ ಇಲ್ಲ ಎನ್ನುವವರಿಗೂ ಇದೇ ಔಷಧಿ.

ಎಲ್ಲ ದಾರಿಯೂ ಬಂದು ಸೇರುವ ಕಡೆ

1972ರ ಸೆಪ್ಟೆಂಬರಿನಲ್ಲಿ ಬಂದ ‘ಕ್ಲೋಸ್ ಟು ದಿ ಎಡ್ಜ್’ ಆಲ್ಬಮಿನಲ್ಲಿ ಇರುವುದು ಮೂರೇ ಹಾಡು. ಅದೇ ಹೆಸರಿನ ಹಾಡು ಸುಮಾರು 19 ನಿಮಿಷ, ‘ಆ್ಯಂಡ್ ಯೂ ಆ್ಯಂಡ್ ಐ’ ಹತ್ತು, ‘ಸೈಬೀರಿಯನ್ ಖಾತ್ರು’ ಒಂಬತ್ತು. ಎಲ್‌ಪಿ ತಟ್ಟೆಯ ಒಂದು ಮಗ್ಗುಲಿಗೆ ಧ್ವನಿ ಕೆಡದಂತೆ ಇಪ್ಪತ್ತು ಚಿಲ್ಲರೆ ನಿಮಿಷವಷ್ಟೇ ಹಿಡಿಯುತ್ತದೆ. ಆ ಕಾಲದ ಪ್ರೋಗ್ರೆಸಿವ್ ರಾಕ್ ಹಾಡುಗಳಲ್ಲಿ ಹಲವು ಹದಿನೆಂಟರಿಂದ ಇಪ್ಪತ್ತಮೂರು ನಿಮಿಷದ ನಡುವೆ ನಿಲ್ಲುವುದು ಯಾಕೆ ಎಂಬುದಕ್ಕೆ ಉತ್ತರವೂ ಅದೇ. ಒಂದು ಮಗ್ಗುಲು ಅಂದರೆ ಒಂದು ಹಾಡು. ಫೋನಿನಲ್ಲಿ ಕೇಳುವವರು ಮೊದಲ ಹಾಡಿನ ನಂತರ ತಾವೇ ಒಂದು ನಿಮಿಷ ನಿಲ್ಲಿಸಿ. ತಟ್ಟೆ ತಿರುವಿ ಹಾಕುವ ಆ ಬಿಡುವು ಕೇಳುವ ಕ್ರಮದ ಭಾಗವಾಗಿತ್ತು.

ನಮ್ಮ ಸಲಹೆ: ಹಿಂದುಮುಂದಾಗಿ ಕೇಳಿ. ಮೊದಲು ‘ಆ್ಯಂಡ್ ಯೂ ಆ್ಯಂಡ್ ಐ’. ಹನ್ನೆರಡು ತಂತಿಯ ಗಿಟಾರಿನಿಂದ ಶುರುವಾಗಿ, ಸರಳ ಹಾಡಾಗಿ, ನಿಧಾನಕ್ಕೆ ಆಕಾಶದಷ್ಟು ಅಗಲವಾಗುವ ರಚನೆ. ಆಲ್ಬಮಿನಲ್ಲಿ ಅತಿ ಸುಲಭವಾಗಿ ಒಲಿಯುವುದು ಇದು. ಎರಡು ಮೂರು ದಿನ ಬಿಟ್ಟು ‘ಸೈಬೀರಿಯನ್ ಖಾತ್ರು’. ಆಮೇಲೆ ದೊಡ್ಡದು.

ದೊಡ್ಡದನ್ನು ಕೈಬಿಡುವವರು ಹೆಚ್ಚಾಗಿ ಮೊದಲ ಮೂರು ನಿಮಿಷದಲ್ಲೇ ಕೈಬಿಡುತ್ತಾರೆ. ನೀರಿನ ಸದ್ದಿನ ನಂತರ ಗಿಟಾರ್, ಬೇಸ್, ಡ್ರಮ್ಸ್ ತಮ್ಮ ತಮ್ಮ ದಿಕ್ಕಿಗೆ ಓಡುತ್ತವೆ. ನಡುನಡುವೆ ಕಂಠಗಳು ‘ಆ’ ಎಂದು ಕೂಗಿ ಎಲ್ಲವನ್ನೂ ತಡೆದು ನಿಲ್ಲಿಸುತ್ತವೆ. ಇದು ಬೇಕೆಂದೇ ಮಾಡಿದ ಗೊಂದಲ. ಸುಮಾರು ಮೂರನೇ ನಿಮಿಷಕ್ಕೆ ಗಿಟಾರಿನಲ್ಲಿ ಒಂದು ಸ್ಪಷ್ಟ ರಾಗ ತೆರೆದುಕೊಳ್ಳುತ್ತದೆ. ಅದನ್ನು ಗುನುಗುವಷ್ಟು ನೆನಪಿಟ್ಟುಕೊಳ್ಳಿ, ಬೇರೆ ಬೇರೆ ವೇಷದಲ್ಲಿ ಅದು ಮತ್ತೆ ಬರುತ್ತದೆ. ನಡುವಿನಲ್ಲಿ, ಎಂಟೂವರೆ ನಿಮಿಷದ ಸುಮಾರಿಗೆ, ಎಲ್ಲ ಕರಗಿ ‘ಐ ಗೆಟ್ ಅಪ್, ಐ ಗೆಟ್ ಡೌನ್’ ಎಂಬ ನಿಧಾನದ ಭಾಗ ಶುರುವಾಗುತ್ತದೆ. ಅದು ಏರುತ್ತ ಏರುತ್ತ ಪೈಪ್ ಆರ್ಗನ್ ಸಿಡಿಯುವ ಕಡೆಗೆ ಹೋಗುತ್ತದೆ. ಆ ಆರ್ಗನ್ ಲಂಡನ್ನಿನ ಸೇಂಟ್ ಜೈಲ್ಸ್ ಕ್ರಿಪಲ್‌ಗೇಟ್ ಚರ್ಚಿನದ್ದು. ಅದರ ನಂತರ ವೇಕ್‌ಮನ್ ಅವರ ಹ್ಯಾಮಂಡ್ ಆರ್ಗನ್ ಓಟ, ಕೊನೆಯ ಏರಿಕೆ, ಮತ್ತೆ ಹಕ್ಕಿ ಮತ್ತು ನೀರು. ಹರ್ಮನ್ ಹೆಸ್ಸೆಯ ‘ಸಿದ್ಧಾರ್ಥ’ ಕಾದಂಬರಿ ಈ ಹಾಡಿನ ಹಿಂದಿದೆ ಎಂದು ಆ್ಯಂಡರ್ಸನ್ ಹೇಳಿದ್ದಾರೆ. ನದಿಯ ದಡದಲ್ಲಿ ಕೂತು ಆಲಿಸುವವನ ಕಥೆ ಅದು. ಹಾಗಾಗಿ ಆ ನೀರಿನ ಸದ್ದು ಅಲಂಕಾರವಲ್ಲ.

ಎಷ್ಟು ಸಲ ಕೇಳಬೇಕು? ಎರಡು ವಾರದಲ್ಲಿ ಐದು ಸಲ ಸಾಕು, ದಿನವೂ ಬೇಡ. ಮೊದಲ ಸಲ ಸುಮ್ಮನೆ. ಎರಡನೇ ಸಲ ಬೇಸ್ ಒಂದನ್ನೇ ಹಿಂಬಾಲಿಸಿ. ಮೂರನೇ ಸಲ ಕೀಬೋರ್ಡ್. ನಾಲ್ಕನೇ ಸಲ ಡ್ರಮ್ಸ್. ಐದನೇ ಸಲ ಮತ್ತೆ ಸುಮ್ಮನೆ. ಐದರ ನಂತರವೂ ಏನೂ ಅಂಟದಿದ್ದರೆ ಈ ಆಲ್ಬಮ್ ಬದಿಗಿಟ್ಟು ಆರು ತಿಂಗಳು ಬಿಟ್ಟು ಬನ್ನಿ. ಇಷ್ಟವಾಗದೆ ಹೋದರೂ ಲೋಕವೇನೂ ಮುಳುಗುವುದಿಲ್ಲ.

ಎಣಿಕೆ ತಪ್ಪುವುದು ಎಲ್ಲಿ

ತಾಳ ಹಾಕಿ ಅಭ್ಯಾಸ ಇರುವ ಕನ್ನಡದ ಕೇಳುಗರಿಗೆ ಇಲ್ಲೊಂದು ಅನುಕೂಲ ಇದೆ, ಒಂದು ಅಪಾಯವೂ ಇದೆ. ಏಳರ ಎಣಿಕೆ ಎಂದರೆ ಪಾಶ್ಚಾತ್ಯ ರಾಕ್ ಕೇಳುಗನಿಗೆ ವಿಶೇಷ, ಮಿಶ್ರ ಚಾಪು ಗೊತ್ತಿರುವವರಿಗೆ ಸಾಮಾನ್ಯ. ‘ದಿ ಫಿಶ್’ ಏಳರ ಆವರ್ತದಲ್ಲಿದೆ, ಬೇಸ್ ಗಿಟಾರಿನ ಹಲವು ಪದರಗಳಿಂದಲೇ ಕಟ್ಟಿದ್ದು. ಅದಕ್ಕೆ ಕೈ ಹಾಕಿ ನೋಡಿ. ‘ತಕಿಟ ತಕಧಿಮಿ’ ಎಂದು ಮೂರು-ನಾಲ್ಕಾಗಿ ಒಡೆದರೆ ಕೂರದೆ ಇರಬಹುದು. ರಾಕ್‌ನಲ್ಲಿ ಏಳನ್ನು ‘ತಕಧಿಮಿ ತಕಿಟ’ ಎಂದು ನಾಲ್ಕು-ಮೂರಾಗಿ ಒಡೆಯುವುದೂ ಇದೆ. ಒಡೆಯುವ ಗೊಡವೆ ಬಿಟ್ಟು ಮೊದಲ ಪೆಟ್ಟಿಗೆ ಮಾತ್ರ ಚಪ್ಪಾಳೆ ಹಾಕುತ್ತ ಹೋಗುವುದು ಲೇಸು.

ಅಪಾಯ ಇರುವುದು ಬೇರೆ ಕಡೆ. ಕೃತಿಯೊಂದರಲ್ಲಿ ಆದಿತಾಳ ಹಿಡಿದರೆ ಕೊನೆಯವರೆಗೂ ಅದೇ, ಕಲಾವಿದರು ಅದರೊಳಗೆ ಏನು ಲೆಕ್ಕಾಚಾರ ಮಾಡಿದರೂ ಆವರ್ತ ಅಲುಗುವುದಿಲ್ಲ. ಇಲ್ಲಿ ಆವರ್ತವೇ ಬದಲಾಗುತ್ತದೆ. ‘ರೌಂಡಬೌಟ್’ ಬಹುಪಾಲು ನಾಲ್ಕರಲ್ಲಿದ್ದರೂ ನಡುವೆ ಎರಡು ಎಣಿಕೆಯ ತುಂಡುಗಳು ಸೇರಿಕೊಳ್ಳುತ್ತವೆ. ನೀವು ಗಟ್ಟಿಯಾಗಿ ಹಿಡಿದಷ್ಟೂ ತಪ್ಪುತ್ತೀರಿ, ತಪ್ಪಿದ್ದು ನಾವೇ ಅಂದುಕೊಳ್ಳುತ್ತೀರಿ. ಅಲ್ಲ. ಕೈ ಬಿಟ್ಟು ರಾಗದ ಸಾಲು ಎಲ್ಲಿ ಮುಗಿಯುತ್ತದೆ ಎಂದು ನೋಡಿ, ಅಲ್ಲಿಂದ ಹೊಸದಾಗಿ ಎಣಿಸಿ.

ಸಾಹಿತ್ಯದ ಅರ್ಥ ಹುಡುಕುತ್ತ ಕೂರುವುದು ಇನ್ನೊಂದು ದಂಡದ ಕೆಲಸ. ಆ್ಯಂಡರ್ಸನ್ ಹಲವು ಕಡೆ ಪದಗಳನ್ನು ಆರಿಸಿರುವುದು ನಾದಕ್ಕಾಗಿ. ಬೆಡಗಿನ ವಚನದಂತೆ ಒಡೆದರೆ ಒಳಗೊಂದು ತಿರುಳು ಸಿಗುತ್ತದೆ ಎಂದು ಹೊರಟರೆ ನಿರಾಶೆ. ತಿಲ್ಲಾನದ ಸೊಲ್ಲುಕಟ್ಟನ್ನು ಕೇಳುವ ಕಿವಿಯಿಂದ ಕೇಳಿ.

ಬೇಗ ಮುಟ್ಟಬಾರದ ಆಲ್ಬಮ್

1973ರ ‘ಟೇಲ್ಸ್ ಫ್ರಮ್ ಟೋಪೊಗ್ರಾಫಿಕ್ ಓಷನ್ಸ್’. ನಾಲ್ಕು ಹಾಡು, ಒಟ್ಟು ಎಂಬತ್ತು ನಿಮಿಷದ ಆಸುಪಾಸು. ಭಾರತೀಯರಿಗೆ ಇದು ವಿಶೇಷವಾದ ಬಲೆ. ಪರಮಹಂಸ ಯೋಗಾನಂದರ ‘ಯೋಗಿಯ ಆತ್ಮಕಥೆ’ಯ ಒಂದು ಅಡಿಟಿಪ್ಪಣಿ ಇದಕ್ಕೆ ಬೀಜ. ಶ್ರುತಿ, ಸ್ಮೃತಿ, ಪುರಾಣ, ತಂತ್ರ ಎಂಬ ನಾಲ್ಕು ಬಗೆಯ ಶಾಸ್ತ್ರಗಳನ್ನು ಅಲ್ಲಿ ವಿವರಿಸಿದ್ದು, ನಾಲ್ಕಕ್ಕೆ ನಾಲ್ಕು ಹಾಡು. ಆ್ಯಂಡರ್ಸನ್ ಕೈಗೆ ಆ ಪುಸ್ತಕದ ಸುಳಿವು ಕೊಟ್ಟವರು ಕಿಂಗ್ ಕ್ರಿಮ್ಸನ್‌ನ ಜೇಮಿ ಮ್ಯೂರ್, ಬ್ರೂಫೋರ್ಡ್ ಅವರ ಮದುವೆಯ ದಿನ. ಇದನ್ನು ಓದಿದ ಕೂಡಲೇ ‘ನಮ್ಮದೇ ವಿಷಯ’ ಎಂದು ಇದರಿಂದಲೇ ಶುರು ಮಾಡಬೇಕು ಅನ್ನಿಸುತ್ತದೆ. ಬೇಡ. ಒಳಗೆ ವೇದಘೋಷವೂ ಇಲ್ಲ, ಶಾಸ್ತ್ರದ ವಿವರಣೆಯೂ ಇಲ್ಲ. ಇರುವುದು ಬಹಳ ಉದ್ದದ, ಕೆಲವೆಡೆ ಸುಂದರವಾದ, ಕೆಲವೆಡೆ ಎಳೆದಾಡಿದ ರಾಕ್. ಬ್ಯಾಂಡಿನೊಳಗೇ ಒಪ್ಪಿಗೆ ಇರಲಿಲ್ಲ. ಇದರ ಕಛೇರಿಯೊಂದರ ನಡುವೆ ವೇಕ್‌ಮನ್ ವೇದಿಕೆಯ ಮೇಲೆಯೇ ಕರಿ ಊಟ ಮಾಡಿದ ಕಥೆಯನ್ನು ಅವರೇ ಹೇಳಿಕೊಂಡಿದ್ದಾರೆ. ಮುಂದಿನ ವರ್ಷ ಬ್ಯಾಂಡ್ ಬಿಟ್ಟರು.

‘ಫ್ರ್ಯಾಜೈಲ್’, ‘ಕ್ಲೋಸ್ ಟು ದಿ ಎಡ್ಜ್’, ‘ಗೋಯಿಂಗ್ ಫಾರ್ ದಿ ವನ್’ ಮೂರೂ ಕೈವಶವಾದ ಮೇಲೆ ಇದಕ್ಕೆ ಬನ್ನಿ. ದಿನಕ್ಕೊಂದು ಹಾಡು, ಒಂದು ಮತ್ತು ನಾಲ್ಕು ಮೊದಲು, ಎರಡು ಮತ್ತು ಮೂರು ಆಮೇಲೆ. ಒಂದನೇ ಹಾಡು ಕೆಲವು ಮುದ್ರಣಗಳಲ್ಲಿ 20 ನಿಮಿಷ, ಕೆಲವುಗಳಲ್ಲಿ 22. 2003ರ ಮರುಮುದ್ರಣದಲ್ಲಿ, ಮೊದಲು ಕೈಬಿಟ್ಟಿದ್ದ ಪೀಠಿಕೆಯನ್ನು ಮತ್ತೆ ಸೇರಿಸಿದ್ದರಿಂದ ಈ ವ್ಯತ್ಯಾಸ.

ಯಾವ ಮುದ್ರಣ

ಒಂದೇ ಆಲ್ಬಮ್ ಆ್ಯಪ್‌ನಲ್ಲಿ ಮೂರು ನಾಲ್ಕು ಸಲ ಕಾಣುತ್ತದೆ. ರೀಮಾಸ್ಟರ್ ಎಂದರೆ ಹಳೆಯ ಮಿಶ್ರಣಕ್ಕೇ ಹೊಸ ಹೊಳಪು. ರೀಮಿಕ್ಸ್ ಎಂದರೆ ಮೂಲ ಟೇಪಿನ ಒಂದೊಂದು ವಾದ್ಯವನ್ನೂ ಬಿಡಿಸಿ ಹೊಸದಾಗಿ ಕೂಡಿಸಿದ್ದು. ಪೊರ್ಕ್ಯುಪೈನ್ ಟ್ರೀ ಬ್ಯಾಂಡಿನ ಸ್ಟೀವನ್ ವಿಲ್ಸನ್ ಯೆಸ್‌ನ ಐದು ಆಲ್ಬಮ್‌ಗಳನ್ನು ಹೀಗೆ ಮಾಡಿದ್ದಾರೆ: ‘ದಿ ಯೆಸ್ ಆಲ್ಬಮ್’, ‘ಫ್ರ್ಯಾಜೈಲ್’, ‘ಕ್ಲೋಸ್ ಟು ದಿ ಎಡ್ಜ್’, ‘ಟೇಲ್ಸ್’, ‘ರಿಲೇಯರ್’. ಒಂದೊಂದೇ ವಾದ್ಯ ಹಿಂಬಾಲಿಸುವ ಮೇಲಿನ ಅಭ್ಯಾಸಕ್ಕೆ ಇವು ಬಹಳ ಒಳ್ಳೆಯವು, ಎಲ್ಲ ಬಿಡಿಬಿಡಿಯಾಗಿ ಕೇಳುತ್ತದೆ. ಮೊದಲ ಪರಿಚಯಕ್ಕೆ ಹಳೆಯ ಮಿಶ್ರಣವೇ ಇರಲಿ, ಅದರ ಗಡಸುತನ ಈ ಹಾಡುಗಳಿಗೆ ಒಗ್ಗಿದೆ. 2003ರ ಮುದ್ರಣಗಳಲ್ಲಿ ಕೊನೆಗೆ ಹೆಚ್ಚುವರಿ ಹಾಡುಗಳಿವೆ, ಆಲ್ಬಮ್ ಮುಗಿದ ಕೂಡಲೇ ನಿಲ್ಲಿಸಿ. ಇಲ್ಲದಿದ್ದರೆ ಕಟ್ಟಕಡೆಯ ಹಾಡು ಮನಸ್ಸಿನಲ್ಲಿ ಉಳಿಯುವ ಮೊದಲೇ ಮೊಟಕು ರೂಪವೊಂದು ಬಂದು ಅದನ್ನು ಒರೆಸಿ ಹಾಕುತ್ತದೆ.

ಇಷ್ಟಾದ ಮೇಲೆ ಕಛೇರಿಯ ಮುದ್ರಣಕ್ಕೆ ಹೋಗಬಹುದು. 1973ರ ‘ಯೆಸ್‌ಸಾಂಗ್ಸ್’ ಮೂಲದಲ್ಲಿ ಮೂರು ತಟ್ಟೆ. ಧ್ವನಿ ಸ್ವಲ್ಪ ಮಸುಕು, ಹುರುಪು ಮಾತ್ರ ಸ್ಟುಡಿಯೊದಲ್ಲಿ ಇಲ್ಲದಷ್ಟು. ಇದರಲ್ಲಿ ಡ್ರಮ್ಸ್ ಹೆಚ್ಚಿನ ಕಡೆ ಆ್ಯಲನ್ ವೈಟ್ ಅವರದ್ದು. ‘ಕ್ಲೋಸ್ ಟು ದಿ ಎಡ್ಜ್’ ಮುದ್ರಣ ಮುಗಿದ ಮೇಲೆ ಬ್ರೂಫೋರ್ಡ್ ಕಿಂಗ್ ಕ್ರಿಮ್ಸನ್ ಸೇರಿಕೊಂಡರು. ಅಮೆರಿಕ ಪ್ರವಾಸಕ್ಕೆ ಕೆಲವೇ ದಿನ ಇರುವಾಗ ವೈಟ್ ಈ ಹಾಡುಗಳನ್ನೆಲ್ಲ ಕಲಿತರು, 2022ರಲ್ಲಿ ತೀರಿಕೊಳ್ಳುವವರೆಗೂ ಬ್ಯಾಂಡಿನಲ್ಲೇ ಇದ್ದರು. ‘ಸೈಬೀರಿಯನ್ ಖಾತ್ರು’ ಹಾಡಿನ ಎರಡು ರೂಪ ಒಂದರ ಹಿಂದೊಂದು ಹಾಕಿ ಡ್ರಮ್ಸ್ ಮಾತ್ರ ಕೇಳಿ. ಬ್ರೂಫೋರ್ಡ್ ಪೆಟ್ಟು ಚುರುಕು, ಒಣ. ವೈಟ್ ಪೆಟ್ಟಿನಲ್ಲಿ ಭಾರ.

ವಿದೇಶದಲ್ಲಿರುವವರು ಟಿಕೆಟ್ ಕೊಳ್ಳುವ ಮುನ್ನ ಸದಸ್ಯರ ಪಟ್ಟಿ ನೋಡಿಕೊಳ್ಳಿ. ಸ್ಕ್ವೈರ್ 2015ರಲ್ಲಿ ತೀರಿಕೊಂಡರು. ಯೆಸ್ ಹೆಸರಿನಲ್ಲಿ ಪ್ರವಾಸ ಹೊರಡುತ್ತಿರುವುದು ಸ್ಟೀವ್ ಹೌ ಇರುವ ತಂಡ. 2008ರಿಂದ ಆ ತಂಡದಲ್ಲಿ ಇಲ್ಲದ ಆ್ಯಂಡರ್ಸನ್ ‘ದಿ ಬ್ಯಾಂಡ್ ಗೀಕ್ಸ್’ ಜೊತೆ ಅದೇ ಹಾಡುಗಳನ್ನು ತಮ್ಮ ಹೆಸರಿನಲ್ಲಿ ಹಾಡುತ್ತಿದ್ದಾರೆ. ಗಿಟಾರ್ ಕೇಳಬೇಕೋ ಕಂಠ ಕೇಳಬೇಕೋ ಎಂದು ಮೊದಲೇ ತೀರ್ಮಾನಿಸಿ, ಒಂದೇ ಟಿಕೆಟ್ಟಿಗೆ ಎರಡೂ ಸಿಗುವುದಿಲ್ಲ.